ಕಾರವಾರದ ನಮ್ಮ ಆಫೀಸಿನ ‘ಹೊರಗಿನವರ ಗುಂಪು’: ಮೂರು ಮಳೆಗಾಲ ಆದ ಮೇಲೆ ಒಂದು ರಿವ್ಯೂ

ಹೋಟೆಲಿಗೆ ರಿವ್ಯೂ ಬರೀತಾರೆ, ಮಿಕ್ಸಿಗೆ ಬರೀತಾರೆ, ಆಫೀಸಿನೊಳಗಿನ ಒಂದು ಗುಂಪಿಗೆ ಯಾರಾದರೂ ಬರೆದಿದ್ದನ್ನು ನಾನಂತೂ ನೋಡಿಲ್ಲ. ಆದರೂ ಬರೆಯುತ್ತಿದ್ದೇನೆ. ತಿಂಗಳಿಗೆ ನೂರು ರೂಪಾಯಿ ಅಂತ ಎರಡು ವರ್ಷಕ್ಕೂ ಮೇಲೆ ಕೊಟ್ಟಿದ್ದೇನೆ, ಕೊಟ್ಟವನಿಗೆ ಹೇಳುವ ಹಕ್ಕು ಇರುತ್ತೆ ಅಲ್ವಾ. ನಕ್ಷತ್ರ ಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡ್ತೀನಿ: ಐದಕ್ಕೆ ಮೂರೂವರೆ. ಆ ಅರ್ಧ ಪೂರ್ತಿ ಅಕ್ಕೋರಿಗೆ ಸೇರಿದ್ದು. ಅಕ್ಕೋರು ಯಾರು ಅಂತ ಮುಂದೆ ಬರುತ್ತೆ.

ಆಫೀಸಿನ ಹೆಸರು ಬೇಡ. ಕೇಂದ್ರ ಸರ್ಕಾರದ್ದು, ಕಾರವಾರದಲ್ಲಿದೆ, ಕೈಗಾ ಅಣುವಿದ್ಯುತ್ ಸ್ಥಾವರ ಅಲ್ಲ, ಸೀಬರ್ಡ್ ನೌಕಾನೆಲೆಯೂ ಅಲ್ಲ, ಇಷ್ಟು ಸಾಕು, ನಾಳೆ ಮತ್ತೆ ನಾನು ಅದೇ ಕುರ್ಚಿಯಲ್ಲಿ ಕೂರಬೇಕು. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೊರಗಿನವರು. ಬಿಹಾರ, ಆಂಧ್ರ, ಕೇರಳ, ಒಡಿಶಾ, ರಾಜಸ್ಥಾನ. ಪರೀಕ್ಷೆ ಬರೆಯುವಾಗ ಕಾರವಾರ ಅನ್ನೋ ಊರು ಇದೆ ಅಂತಲೇ ಗೊತ್ತಿರದವರು, ಆರ್ಡರ್ ಕೈಗೆ ಬಂದ ಮೇಲೆ ಮ್ಯಾಪ್ ತೆಗೆದು ‘ಅಯ್ಯೋ, ಗೋವಾ ಪಕ್ಕದಲ್ಲೇ ಇದೆಯಲ್ಲ’ ಅಂತ ಖುಷಿಪಟ್ಟು ಬಂದವರು. ಕೆಲವು ವರ್ಷಗಳ ಹಿಂದೆ ಇಂಥವರೇ ನಾಲ್ಕೈದು ಜನ ಸೇರಿ, ಹೊಸದಾಗಿ ಬರುವವರಿಗೆ ಕೈ ಹಿಡಿಯೋಣ ಅಂತ ಈ ಗುಂಪು ಶುರು ಮಾಡಿದರು. ಯೂನಿಯನ್ ಅಲ್ಲ, ಸೊಸೈಟಿ ಅಲ್ಲ, ರಿಜಿಸ್ಟ್ರೇಷನ್ ಇಲ್ಲ. ಒಂದು ವಾಟ್ಸಾಪ್ ಗುಂಪು, ಒಂದು ನೋಟ್‌ಬುಕ್, ಬುಧವಾರ ಸಂಜೆ ಕನ್ನಡ ಕ್ಲಾಸು, ಕಷ್ಟಕ್ಕೆ ಅಂತ ಒಂದಿಷ್ಟು ದುಡ್ಡು. ಸಾಹೇಬರು ಕ್ಲಾಸಿಗೆ ಮೀಟಿಂಗ್ ರೂಮು ಬಿಟ್ಟುಕೊಟ್ಟಿದ್ದಾರೆ, ಆಫೀಸಿನ ಕಡೆಯಿಂದ ಸಿಗುವುದು ಅಷ್ಟೇ.

ಈ ಊರಿಗೆ ಹೊರಗಿನ ನೌಕರರು ಹೊಸಬರೇನಲ್ಲ. ರವೀಂದ್ರನಾಥ ಟ್ಯಾಗೋರರ ಹೆಸರಿನ ಬೀಚಿಗೆ ಎಲ್ಲರೂ ಹೋಗಿ ಫೋಟೋ ತೆಗೆಸಿಕೊಳ್ತಾರೆ. ಅವರು ಇಲ್ಲಿಗೆ ಬಂದಿದ್ದೇ ಅಣ್ಣನ ನೌಕರಿಯಿಂದ. ಅಣ್ಣ ಸತ್ಯೇಂದ್ರನಾಥರು 1863ರಲ್ಲಿ ಐಸಿಎಸ್ ಪಾಸಾದ ಮೊದಲ ಭಾರತೀಯ, 1880ರ ದಶಕದಲ್ಲಿ ಕಾರವಾರದಲ್ಲಿ ಜಡ್ಜ್ ಆಗಿದ್ದರು. ಕಲ್ಕತ್ತೆಯವರಿಗೆ ಇಲ್ಲಿ ನೌಕರಿ! ಜಡ್ಜ್ ಸಾಹೇಬರಿಗೆ ಬಾಡಿಗೆ ಮನೆ ಹುಡುಕುವ ಕಷ್ಟ ಇದ್ದಿರಲಿಕ್ಕಿಲ್ಲ ಬಿಡಿ. ಆಮೇಲೆ 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು, 2000ದಲ್ಲಿ ಕೈಗಾದಲ್ಲಿ ಕರೆಂಟಿನ ವಾಣಿಜ್ಯ ಉತ್ಪಾದನೆ ಶುರುವಾಯಿತು, 2005ರಲ್ಲಿ ನೌಕಾನೆಲೆ ಬಂತು. ಈಗ ಕಾಜುಬಾಗದಲ್ಲಿ ಸಂಜೆ ನಡೆದರೆ ಐದು ಭಾಷೆಯಲ್ಲಿ ಮಕ್ಕಳಿಗೆ ಬೈಯೋದು ಕೇಳಿಸುತ್ತೆ.

ನಾನು ಬಾಗಲಕೋಟೆ ಜಿಲ್ಲೆಯವನು. 2023ರ ಜೂನ್‌ನಲ್ಲಿ ಬಂದೆ. ಜಾಯಿನಿಂಗ್ ರಿಪೋರ್ಟ್ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಬಂದರೂ ಒದ್ದೆಯಾಗಿತ್ತು. ಮೊದಲ ದಿನವೇ ಗುಂಪಿನವರು ಬಂದು ಸೇರಿಕೊಳ್ಳಿ ಅಂದರು. ನನಗೆ ಸ್ವಲ್ಪ ಸಿಟ್ಟೇ ಬಂತು. ನಾನ್ಯಾಕ್ರೀ ಹೊರಗಿನವ, ಕರ್ನಾಟಕದವನೇ, ಕನ್ನಡದಲ್ಲೇ ಎಂಎ ಮಾಡಿದವನು ಅಂದೆ. ಅವರು ನಕ್ಕು ಸುಮ್ಮನಾದರು. ಭಾನುವಾರ ಸಂತೆಗೆ ಹೋದೆ. ಎಡಕ್ಕೂ ಕೊಂಕಣಿ, ಬಲಕ್ಕೂ ಕೊಂಕಣಿ. ಬಸಳೆ ಸೊಪ್ಪು ಮಾರುವ ಅಜ್ಜಿ ನನಗೆ ಏನೋ ಹೇಳಿದಳು, ನಾನು ಏನೋ ಹೇಳಿದೆ, ಇಬ್ಬರಿಗೂ ತಿಳಿಯಲಿಲ್ಲ, ಕೊನೆಗೆ ಕೈ ಬೆರಳಿನಲ್ಲಿ ವ್ಯಾಪಾರ ಮುಗಿಯಿತು. ಮೆಸ್ಸಿನಲ್ಲಿ ಕುಚಲಕ್ಕಿ ಅನ್ನ, ಕೂತ ಬೆಂಚಿನ ಎರಡೂ ಕಡೆ ಬಂಗಡೆ ಫ್ರೈ. ನಾನು ಮೀನು ತಿನ್ನುವವನಲ್ಲ. ರೊಟ್ಟಿ ಇದೆಯಾ ಅಂತ ಕೇಳಿದ್ದಕ್ಕೆ ಅಕ್ಕಿ ರೊಟ್ಟಿ ತಂದಿಟ್ಟರು. ಸೋಮವಾರ ಬೆಳಿಗ್ಗೆ ಹೋಗಿ ನೂರು ರೂಪಾಯಿ ಕೊಟ್ಟು ಹೆಸರು ಬರೆಸಿದೆ.

ಈಗ ಸರ್ವಿಸ್ ಬಗ್ಗೆ. ಇವರ ಹತ್ತಿರ ಇರುವ ದೊಡ್ಡ ಆಸ್ತಿ ಅಂದರೆ ಆ ನೋಟ್‌ಬುಕ್. ಕಪ್ಪು ರೆಕ್ಸಿನ್ ಹೊದಿಕೆಯ ಲಾಂಗ್ ಬುಕ್ಕು, ಮೂಲೆಗಳೆಲ್ಲ ಮಡಚಿ ಹೋಗಿವೆ, ಅಲ್ಲಲ್ಲಿ ಚಹಾದ ಲೋಟದ ಗುರುತು. ಮನೆ ಖಾಲಿ ಮಾಡಿ ಹೋಗುವವರೆಲ್ಲ ಅದರಲ್ಲಿ ತಮ್ಮ ಮನೆಯ ಬಗ್ಗೆ ನಾಲ್ಕು ಸಾಲು ಬರೆದೇ ಹೋಗಬೇಕು. ಕೆಲವರು ಇಂಗ್ಲಿಷ್, ಕೆಲವರು ಹಿಂದಿ, ಒಬ್ಬರು ಮಲಯಾಳದಲ್ಲೇ ಬರೆದಿದ್ದಾರೆ, ಅದರ ಕೆಳಗೆ ಬೇರೆ ಯಾರೋ ಪೆನ್ಸಿಲ್‌ನಲ್ಲಿ ಕನ್ನಡ ಮಾಡಿದ್ದಾರೆ. ಕೋಡಿಬಾಗದ ಒಂದು ಮನೆಗೆ, ಬಾವಿ ನೀರು ಏಪ್ರಿಲ್ ತನಕ ಮಾತ್ರ, ಮೇ ತಿಂಗಳಲ್ಲಿ ಉಪ್ಪು. ನಂದನಗದ್ದಾದ ಇನ್ನೊಂದಕ್ಕೆ, ಮಾಲೀಕರು ಒಳ್ಳೆಯವರು, ಮಾವಿನಹಣ್ಣು ಕೊಡ್ತಾರೆ, ಬಾಡಿಗೆ ಮಾತ್ರ ಐದನೇ ತಾರೀಕು ದಾಟಬಾರದು. ಸದಾಶಿವಗಡದ ಒಂದಕ್ಕೆ, ಬಾಡಿಗೆ ಕಡಿಮೆ, ಗಾಳಿ ಜಾಸ್ತಿ, ಹೆಂಚು ಹಾರುತ್ತೆ. ಬ್ರೋಕರ್ ಇಂಥದ್ದೆಲ್ಲ ಹೇಳ್ತಾನಾ? ನಾನು ಈಗ ಇರುವ ಮನೆ ಸಿಕ್ಕಿದ್ದು ಈ ಪುಸ್ತಕದಿಂದಲೇ. ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸ್ಟ್ಯಾಂಪ್ ಪೇಪರ್ ಎಲ್ಲಿ ಸಿಗುತ್ತೆ, ಟೈಪ್ ಮಾಡುವವರು ಯಾರು ಅನ್ನೋದೂ ಕೊನೆಯ ಪುಟದಲ್ಲಿದೆ.

ಶಿರಸಿಯ ಕಡೆ ಪೋಸ್ಟಿಂಗ್ ಆಗುವವರಿಗೆ ಎರಡೇ ಪುಟ. ಅಲ್ಲಿ ಮೀನು ತಿನ್ನುವವರಿಗೆ ಮನೆ ಸಿಗೋದು ಕಷ್ಟ, ಇಲ್ಲಿ ನನ್ನಂಥವನಿಗೆ ಮೆಸ್ಸು ಸಿಗೋದು ಕಷ್ಟ. ಒಂದೇ ಜಿಲ್ಲೆ!

ಕಾಗದಪತ್ರದ ಕೆಲಸದಲ್ಲಿ ಇವರು ಗಟ್ಟಿ. ಬೇರೆ ರಾಜ್ಯದ ನಂಬರಿನ ಗಾಡಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರ್ ಮಾಡಿಸಬೇಕು. ಅದಕ್ಕೆ ಮೊದಲು ಹಳೆಯ ಆರ್‌ಟಿಓದಿಂದ ಎನ್‌ಓಸಿ ತರಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು, ಅಲ್ಲಿ ಕಟ್ಟಿದ್ದನ್ನು ವಾಪಸ್ ಕೇಳಬೇಕು. ಕೇಳಿದರೇ ತಲೆ ತಿರುಗುತ್ತೆ. ಹೊಸ ಗಾಡಿ ತಗೊಳ್ಳುವವರಿಗೆ ಗುಂಪಿನವರು ಮೊದಲು ಹೇಳುವುದೇ ಬಿಎಚ್ ನಂಬರ್ ಬಗ್ಗೆ. 2021ರಲ್ಲಿ ಬಂದಿದ್ದು, ಕೇಂದ್ರ ಸರ್ಕಾರದ ನೌಕರರಿಗೆ ಸಿಗುತ್ತೆ, ಮುಂದೆ ಎಲ್ಲಿಗೆ ವರ್ಗವಾದರೂ ನಂಬರ್ ಬದಲಾಯಿಸುವ ಗೋಜಿಲ್ಲ. ವೋಟರ್ ಲಿಸ್ಟಿಗೆ ಫಾರ್ಮ್ 8, ಆಧಾರ್ ವಿಳಾಸ, ಗ್ಯಾಸು, ಮಕ್ಕಳ ಟಿಸಿ, ಎಲ್ಲಕ್ಕೂ ಒಬ್ಬೊಬ್ಬರು ಇದ್ದಾರೆ. ಇದರ ಬಗ್ಗೆ ಇನ್ನೂ ಬರೆಯೋಕೆ ಏನಿಲ್ಲ, ಕೆಲಸ ಆಗುತ್ತೆ.

ಕನ್ನಡ ಕ್ಲಾಸಿನ ಬಗ್ಗೆ ಬರೆಯೋಕೆ ಇದೆ.

ಕ್ಲಾಸು ತಗೊಳ್ಳುವವರು ನಮ್ಮದೇ ಸೆಕ್ಷನ್ನಿನ ಹಿರಿಯರು, ಇದೇ ಊರಿನವರು. ಉತ್ತರ ಕನ್ನಡದಲ್ಲಿ ಟೀಚರಮ್ಮನಿಗೆ ಅಕ್ಕೋರು ಅಂತಾರೆ, ಹಾಗಾಗಿ ಬಿಹಾರಿ ಹುಡುಗರಿಂದ ಹಿಡಿದು ಸಾಹೇಬರ ತನಕ ಎಲ್ಲರಿಗೂ ಅವರು ಅಕ್ಕೋರು. ಹುಡುಗರೆಲ್ಲ ಅವರಿಗೆ ತಮಾ. ಪಾಠದ ಪುಸ್ತಕ ಇಲ್ಲ. ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಬೋರ್ಡ್ ಓದಿಸ್ತಾರೆ. ಅಂಕೋಲಾ, ಕುಮಟಾ, ಯಲ್ಲಾಪುರ. ಯಲ್ಲಾಪುರ ಓದಿದವರಿಗೆ ಒಂದು ಚಹಾ, ಅದರಲ್ಲಿ ಒತ್ತಕ್ಷರ ಇದೆ ಅಂತ.

ನನ್ನ ಜೊತೆ ಜಾಯಿನ್ ಆದ ಬಿಹಾರದ ಹುಡುಗನೊಬ್ಬನಿದ್ದಾನೆ. ಪಾಟ್ನಾ-ವಾಸ್ಕೋ ರೈಲು ಹತ್ತಿ, ಮಡಗಾಂವ್‌ನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ರೈಲಿನಲ್ಲಿ ರಾತ್ರಿ ಶಿರವಾಡದ ಸ್ಟೇಷನ್ನಿಗೆ ಬಂದು ಇಳಿದವನು. ಬರುವಾಗ ಯೂಟ್ಯೂಬ್ ನೋಡಿ ಹತ್ತು ಶಬ್ದ ಕಲಿತಿದ್ದ. ಹೌದು, ಇಲ್ಲ, ಬೇಕು, ಬೇಡ, ಎಷ್ಟು, ಹೀಗೆ. ಗುಂಪಿಗೆ ಹೇಳದೆ ತಾನೇ ಹೋಗಿ ಹಬ್ಬುವಾಡದಲ್ಲಿ ಒಂದು ಮನೆ ನೋಡಿದ. ಇಷ್ಟು ಕೊಡ್ತೀನಿ ಅಂತ ಬೆರಳು ತೋರಿಸಿದ. ಮಾಲೀಕರು ಒಂದು ನಿಮಿಷ ಯೋಚನೆ ಮಾಡಿ, ಅಡ್ಡಿಲ್ಲ ಅಂದರು. ಇವನ ಕಿವಿಗೆ ಬಿದ್ದಿದ್ದು ಕೊನೆಯ ‘ಇಲ್ಲ’ ಮಾತ್ರ. ನಮಸ್ಕಾರ ಹೇಳಿ ಬಂದುಬಿಟ್ಟ. ಎಂಟು ದಿನ ಲಾಡ್ಜಿನಲ್ಲಿ ದುಡ್ಡು ಸುರಿದ. ಆ ಕಡೆ ಮಾಲೀಕರು ಮನೆ ಗುಡಿಸಿ, ಟ್ಯಾಂಕು ತೊಳೆಸಿ ಕಾಯುತ್ತಾ ಇದ್ದಾರೆ, ಆ ಹುಡುಗ ಒಪ್ಪಿಕೊಂಡು ಹೋದವ ಎಂತಕ್ಕೆ ಬರಲಿಲ್ಲ ಅಂತ. ಕೊನೆಗೆ ಅವರು ಅಕ್ಕೋರ ಪರಿಚಯದವರೇ ಅಂತಾಯಿತು, ಗಂಟು ಬಿಚ್ಚಿತು.

ಅದರ ಮುಂದಿನ ಬುಧವಾರ ಪೂರ್ತಿ ಒಂದು ತಾಸು ಅಕ್ಕೋರು ‘ಅಡ್ಡಿಲ್ಲ’ ಒಂದರ ಮೇಲೇ ಪಾಠ ಮಾಡಿದರು. ಊಟ ಹೇಗಿದೆ, ಅಡ್ಡಿಲ್ಲ. ನಾಳೆ ಬಂದರೆ ಆಗುತ್ತಾ, ಅಡ್ಡಿಲ್ಲ. ಆರೋಗ್ಯ ಹೇಗಿದೆ, ಅಡ್ಡಿಲ್ಲ. ಒಂದೇ ಶಬ್ದ, ಮೂರು ಸಲ ಮೂರು ದನಿ. ತುಂಬಾ ಚೆನ್ನಾಗಿದ್ದರೂ ಅಡ್ಡಿಲ್ಲ, ಸುಮಾರಾಗಿದ್ದರೂ ಅಡ್ಡಿಲ್ಲ, ಮುಖ ನೋಡಿ ತಿಳ್ಕೊಳ್ಳಿ ತಮಾ ಅಂದರು. ನಾನು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಕೇಳುತ್ತಿದ್ದೆ. ನಮ್ಮ ಕಡೆಯೂ ಅಡ್ಡಿ ಇಲ್ಲ ಬಿಡ್ರಿ ಅಂತೀವಿ. ಕಾರವಾರದಲ್ಲಿ ನನ್ನದು ಅನ್ನಿಸಿದ ಮೊದಲ ಶಬ್ದ ಅದು.

ಅಕ್ಕೋರ ಬಗ್ಗೆ ಇನ್ನೊಂದು ಮಾತು. ಅವರ ತವರು ಅರಗಾದ ಕಡೆ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟವರ ಮನೆಯವರು. ಇಲ್ಲಿ ಅವರಿಗೆಲ್ಲ ಸೀಬರ್ಡ್ ನಿರಾಶ್ರಿತರು ಅಂತಲೇ ಹೆಸರು. ತೆಂಗಿನ ತೋಟ, ಮನೆ, ದೇವರ ಕಟ್ಟೆ ಎಲ್ಲ ಒಳಗೆ ಹೋಯಿತು ಅಂತ ಒಂದೇ ಒಂದು ಸಲ ಹೇಳಿದ್ದಾರೆ, ಅದೂ ಯಾರೋ ಕೇಳಿದ್ದಕ್ಕೆ. ಸ್ವಂತ ಊರಿನಿಂದಲೇ ಎದ್ದು ಬಂದವರು ಹೊರಗಿನಿಂದ ಬಂದವರಿಗೆ ಊರು ತೋರಿಸ್ತಾರೆ. ಒಂದು ಪೈಸೆ ತಗೊಳ್ಳಲ್ಲ. ಗುಂಪಿನ ಲೆಕ್ಕದಲ್ಲಿ ಅವರು ಮೆಂಬರೂ ಅಲ್ಲ, ಯಾಕಂದ್ರೆ ಊರಿನವರು!

ಮಳೆಗಾಲದ ತಯಾರಿಗೆ ಮೇ ಕೊನೆಯಲ್ಲಿ ಒಂದು ಮೀಟಿಂಗ್ ಇರುತ್ತೆ, ತಪ್ಪಿಸಬೇಡಿ. ನಾನು ಮೊದಲ ವರ್ಷ ತಡವಾಗಿ ಬಂದವನು, ಅದು ಸಿಗಲಿಲ್ಲ. ಆಗಸ್ಟ್‌ನಲ್ಲಿ ಟ್ರಂಕು ತೆಗೆದರೆ ನನ್ನ ಎಂಎ ಸರ್ಟಿಫಿಕೇಟಿನ ಮೇಲೆ ಹಸಿರು ಬೂಷ್ಟು, ವಿಶ್ವವಿದ್ಯಾಲಯದ ಮುದ್ರೆಯ ಮೇಲೆ ಸಣ್ಣ ಸಣ್ಣ ಕೂದಲು ಬೆಳೆದ ಹಾಗೆ. ಬೆಲ್ಟು, ಚರ್ಮದ ಚಪ್ಪಲಿ ಎಲ್ಲ ಹೋಯಿತು. ಬಯಲುಸೀಮೆಯವನಿಗೆ ಮಳೆ ಅಂದರೆ ದೇವರು. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುತ್ತೆ, ದೇವರು ಕೂಡ ಅಷ್ಟು ದಿನ ಮನೆಯಲ್ಲಿ ಕೂತರೆ ಕಷ್ಟ. ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿ ಇಡಬೇಕು, ಬಟ್ಟೆ ಫ್ಯಾನಿನ ಕೆಳಗೆ ಒಣಗಿಸಬೇಕು, ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕಬೇಕು. ಇದನ್ನೆಲ್ಲ ಈಗ ನಾನೇ ಹೊಸಬರಿಗೆ ಹೇಳ್ತೀನಿ.

2024ರ ಮಳೆಗಾಲದಲ್ಲಿ ಗುಂಪು ನಿಜವಾಗಿ ಕೆಲಸಕ್ಕೆ ಬಂತು. ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಿತ್ತು. ಜನ ಸತ್ತರು, ಲಾರಿಗಳು ನದಿಗೆ ಹೋದವು. ಕೇರಳದ ಲಾರಿ ಡ್ರೈವರೊಬ್ಬರು ಸಿಗುತ್ತಿಲ್ಲ ಅಂತ ಅಲ್ಲಿನ ಟಿವಿಯವರೆಲ್ಲ ಇಲ್ಲೇ ಬೀಡುಬಿಟ್ಟರು. ನಮ್ಮ ಮಲಯಾಳಿ ಸಹೋದ್ಯೋಗಿಗಳಿಗೆ ಊರಿನಿಂದ ಫೋನಿನ ಮೇಲೆ ಫೋನು, ನೀನು ಇರೋದು ಅಲ್ಲೇ ಅಲ್ವಾ, ವಾಪಸ್ ಬಾ ಅಂತ. ಮಂಗಳೂರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವರು ಶನಿವಾರ ಹೋಗುವುದು ಹೇಗೆ? ರಸ್ತೆ ಎಲ್ಲಿ ಬಂದ್, ಯಾವ ಬಸ್ಸು ಎಲ್ಲಿ ತನಕ ಅಂತ ಅಂಕೋಲಾದಿಂದ ಓಡಾಡುವ ಸ್ಟಾಫ್ ಒಬ್ಬರು ದಿನಕ್ಕೆ ಮೂರು ಸಲ ಕನ್ನಡದಲ್ಲಿ ವಾಯ್ಸ್ ಮೆಸೇಜ್ ಹಾಕೋರು, ಇನ್ನೊಬ್ಬರು ಅದನ್ನೇ ಹಿಂದಿ ಮಾಡಿ ಹಾಕೋರು. ಸುಳ್ಳು ಸುದ್ದಿ ಒಂದೂ ಬರಲಿಲ್ಲ, ವಾಟ್ಸಾಪ್‌ನಲ್ಲಿ ಇದು ಸಣ್ಣ ಮಾತಲ್ಲ.

ಮೂರು ವಾರ ಆಗಿತ್ತು ಅಷ್ಟೇ, ಆಗಸ್ಟ್ 7ರ ನಸುಕಿನ ಒಂದು ಗಂಟೆ ಸುಮಾರಿಗೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮೇಲಿದ್ದ ಲಾರಿ ನದಿಗೆ ಬಿತ್ತು, ತಮಿಳುನಾಡಿನ ಡ್ರೈವರ್ ಬದುಕಿದ. ಬಾಡಿಗೆ ಕಡಿಮೆ ಅಂತ ಸದಾಶಿವಗಡದಲ್ಲಿ ಮನೆ ಮಾಡಿದ್ದ ನಮ್ಮವರು ಆರು ಜನ. ಬೆಳಿಗ್ಗೆ ಎದ್ದರೆ ಆಫೀಸು ನದಿಯ ಆಚೆ. ಪಕ್ಕದ ಹೊಸ ಸೇತುವೆ ನಿಂತಿದೆ ನಿಜ, ಆದರೆ ಒಂದು ಬಿದ್ದಿದ್ದನ್ನು ನೋಡಿದ ಮೇಲೆ ಇನ್ನೊಂದರ ಮೇಲೆ ಕಾಲಿಡಲು ಧೈರ್ಯ ಬೇಡವಾ. ಎರಡು ಮೂರು ಮನೆಯವರು ಮಕ್ಕಳನ್ನು ಶಾಲೆಗೆ ಕಳಿಸಲೇ ಇಲ್ಲ. ಆ ಇಡೀ ವಾರ ಊರೊಳಗಿನ ಮೆಂಬರುಗಳ ಮನೆಯಲ್ಲಿ ಅವರಿಗೆಲ್ಲ ಚಾಪೆ ಬಿತ್ತು. ನನ್ನ ಒಂದು ಕೋಣೆಯಲ್ಲಿ ಇಬ್ಬರು ಆಂಧ್ರದವರು ಮಲಗಿದರು. ಗೊಂಗೂರ ಉಪ್ಪಿನಕಾಯಿಗೆ ನಮ್ಮೂರಿನ ಜೋಳದ ರೊಟ್ಟಿ ಎಷ್ಟು ಚೆನ್ನಾಗಿ ಹೊಂದುತ್ತೆ ಅಂತ ನನಗೆ ಆಗಲೇ ಗೊತ್ತಾಗಿದ್ದು, ಅದು ಬೇರೆ ಮಾತು.

ಇಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಆ ವರ್ಷವೇ ಸೆಪ್ಟೆಂಬರ್‌ನಲ್ಲಿ ನಡೆದಿದ್ದು. ನಮ್ಮ ಆಫೀಸಿನ ಕ್ಯಾಂಟೀನು, ಕ್ಲೀನಿಂಗು, ಗಿಡ ನೋಡಿಕೊಳ್ಳೋದು ಎಲ್ಲ ಗುತ್ತಿಗೆ. ಮಾಡುವವರು ಜಾರ್ಖಂಡ್, ಒಡಿಶಾ ಕಡೆಯ ಹುಡುಗರು, ಹತ್ತು ಹನ್ನೆರಡು ಜನ, ಹಿಂದಿನ ಶೆಡ್ಡಿನಲ್ಲಿ ಇರ್ತಾರೆ. ಇವರಿಗಿಂತ ಹೊರಗಿನವರು ಯಾರು ಹೇಳಿ? ಅವರಲ್ಲಿ ಒಬ್ಬ, ದಿನಾ ಹನ್ನೊಂದಕ್ಕೆ ನಮಗೆ ಚಹಾ ತಂದುಕೊಡುವವನು, ನಾಲ್ಕು ದಿನದಿಂದ ಕಾಣಲಿಲ್ಲ. ಕಣ್ಣು ಹಳದಿಯಾಗಿ ಮಲಗಿದ್ದಾನೆ, ಇಲಿಜ್ವರ ಇರಬಹುದು ಅಂತ ಇನ್ನೊಬ್ಬ ಹುಡುಗ ಬಂದು ಹೇಳಿದ. ಗುತ್ತಿಗೆದಾರ ಫೋನ್ ಎತ್ತುತ್ತಿಲ್ಲ.

ಯಾರೋ ಇದನ್ನು ಗುಂಪಿಗೆ ಹಾಕಿದರು. ಕಷ್ಟಕ್ಕೆ ಅಂತ ಇಟ್ಟ ದುಡ್ಡು ಇತ್ತಲ್ಲ, ಆಸ್ಪತ್ರೆಗೆ ಓಡಾಡಲು ಒಂದು ಗಾಡಿಯೂ ಗೊತ್ತಿರುತ್ತೆ. ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಖಜಾಂಚಿಯವರು ಬರೆದರು: ಫಂಡ್ ಮೆಂಬರ್‌ಗಳಿಗೆ ಮಾತ್ರ, ಗುತ್ತಿಗೆಯವರು ಬರಲ್ಲ, ಕೊಟ್ಟರೆ ನಾಳೆ ಆಡಿಟ್‌ನಲ್ಲಿ ಕೇಳ್ತಾರೆ. ರಿಜಿಸ್ಟರೇ ಆಗದ ಗುಂಪಿಗೆ ಯಾವ ಆಡಿಟ್ಟು? ಅದರ ಕೆಳಗೆ ನಾಲ್ಕು ಜನ ಹೆಬ್ಬೆಟ್ಟು ಎತ್ತಿದರು. ನಾನು ಎತ್ತಲಿಲ್ಲ. ಏನೂ ಬರೆಯಲೂ ಇಲ್ಲ. ಮೊಬೈಲ್ ಮಗುಚಿಟ್ಟು ಫೈಲ್ ತೆಗೆದೆ.

ಅಕ್ಕೋರು ಅರ್ಧ ದಿನ ರಜೆ ಹಾಕಿ, ತಮ್ಮ ದುಡ್ಡಿನಲ್ಲೇ ಆಟೋ ಮಾಡಿ ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹುಡುಗ ಉಳಿದ. ಹದಿನೈದು ದಿನಕ್ಕೆ ಮತ್ತೆ ಚಹಾ ತಂದ. ಲೋಟ ಇಡುವಾಗ ಕೈ ನಡುಗುತ್ತಿತ್ತು, ಸಾಸರಿಗೆ ಚೆಲ್ಲಿತು, ಅವನೇ ಸಾರಿ ಸರ್ ಅಂದ.

ಅವನಿಗೆ ಯಾರೂ ದಾನ ಮಾಡಬೇಕಾಗಿಯೇ ಇರಲಿಲ್ಲ. ಬೇರೆ ರಾಜ್ಯದಿಂದ ಗುತ್ತಿಗೆಯ ಮೇಲೆ ಬಂದ ಕೆಲಸಗಾರರಿಗೆ ಅಂತಲೇ 1979ರಲ್ಲಿ ಒಂದು ಕಾನೂನು ಬಂದಿತ್ತು, 2025ರ ತನಕ ಜಾರಿಯಲ್ಲಿತ್ತು. ಹೋಗಿ ಬರುವ ಖರ್ಚು, ಇರಲು ಸರಿಯಾದ ಜಾಗ, ಪುಕ್ಕಟೆ ಔಷಧೋಪಚಾರ ಗುತ್ತಿಗೆದಾರನೇ ಕೊಡಬೇಕು ಅಂತ ಅದರಲ್ಲಿತ್ತು. ಖರ್ಚಿನ ಭತ್ಯೆ, ಇಂಥ ಸೌಲಭ್ಯ ಅವನು ಕೊಡದಿದ್ದರೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆ ಕೊಡಬೇಕಿತ್ತು. ಅಂದರೆ ನಾವೇ. ನಮ್ಮ ಗುಂಪಿನಲ್ಲಿ ಗಾಡಿಯ ಟ್ಯಾಕ್ಸು ವಾಪಸ್ ಪಡೆಯೋ ರೂಲು ಬಾಯಿಪಾಠ ಹೇಳುವವರಿದ್ದಾರೆ, ಈ ರೂಲು ಒಬ್ಬರಿಗೂ ಗೊತ್ತಿರಲಿಲ್ಲ. ನಾನೂ ಆಮೇಲೆ ಹುಡುಕಿ ಓದಿದ್ದು.

ಮುಂದಿನ ಮೀಟಿಂಗಿನಲ್ಲಿ ಅಕ್ಕೋರು ಎದ್ದು ಕೇಳಿದರು. ಮೆಂಬರ್ ಅಲ್ಲದವರು ಮಾತಾಡಬಹುದಾ ಅಂತ ಯಾರೋ ಗೊಣಗಿದರು. ಅವರು ಜಾಸ್ತಿ ಏನೂ ಹೇಳಲಿಲ್ಲ, ‘ನಿಮ್ಮ ಕುತ್ತಿಗೆಯಲ್ಲಿ ಇರೋ ಐಡಿ ಕಾರ್ಡಿನ ದಾರ ನೀಲಿ, ಅವನದ್ದು ಹಳದಿ, ಊರು ಬಿಟ್ಟು ಬಂದಿದ್ದು ಇಬ್ಬರೂ ಹೌದಾ ಅಲ್ವಾ’ ಅಂದರು. ಒಂದು ತಾಸು ಜಗಳ ಆಯಿತು. ಕೊನೆಗೆ ತೀರ್ಮಾನ ಏನು ಗೊತ್ತಾ? ಗುತ್ತಿಗೆ ಹುಡುಗರು ಕನ್ನಡ ಕ್ಲಾಸಿಗೆ ಬರಬಹುದು, ಫಂಡು ಇಲ್ಲ. ಸರ್ಕಾರಿ ಆಫೀಸಿನವರಲ್ವಾ, ಅರ್ಧ ಮಂಜೂರು ಮಾಡೋದು ರಕ್ತದಲ್ಲೇ ಇದೆ. ಈ ಸಲ ನಾನು ಕೈ ಎತ್ತಿದೆ, ಒಂಬತ್ತು ಜನರಲ್ಲಿ ಒಬ್ಬನಾಗಿ. ಸೋತೆವು. ಆ ಒಂಬತ್ತು ಜನ ಈಗ ಬೇರೆಯಾಗಿ ಐವತ್ತೈವತ್ತು ಹಾಕುತ್ತೇವೆ, ಅದರ ಲೆಕ್ಕ ಅಕ್ಕೋರ ಹತ್ತಿರ.

ಉಳಿದ ತಕರಾರು ಸಣ್ಣವು. ಬೆಳಿಗ್ಗೆ ಆರಕ್ಕೆ ಗುಡ್ ಮಾರ್ನಿಂಗ್ ಹೂವು ಕಳಿಸುವವರು ನಾಲ್ಕು ಜನ ಇದ್ದಾರೆ, ಅವರಿಂದಾಗಿ ಮ್ಯೂಟ್ ಮಾಡಿ, ಆಮೇಲೆ ಬೇಕಾದ ಮೆಸೇಜೂ ತಪ್ಪಿಹೋಗುತ್ತೆ. ಕಮಿಟಿಯವರಿಗೆ ಸನ್ಮಾನ, ಶಾಲು, ಗ್ರೂಪ್ ಫೋಟೋ ಅಂದರೆ ಪ್ರಾಣ. ತೆಲುಗಿನವರದ್ದೇ ಒಂದು ಮೂಲೆ, ಹಿಂದಿಯವರದ್ದೇ ಒಂದು ಮೂಲೆ, ಕ್ರಿಕೆಟ್ ಇದ್ದ ದಿನ ಮಾತ್ರ ಎಲ್ಲ ಒಂದು. ಮೂರು ವರ್ಷಕ್ಕೆ ವರ್ಗ ಆಗೋದರಿಂದ ಕೆಲಸ ಗೊತ್ತಿರುವವನು ಹೋಗ್ತಾನೆ, ಗೊತ್ತಿಲ್ಲದವನು ಬರ್ತಾನೆ. ಊರಿನ ಸ್ಟಾಫಿಗೂ ಒಂದು ಬೇಜಾರಿದೆ, ನಾವು ಬಾಗಲಕೋಟೆಗೆ ಹೋದರೆ ನಮಗೆ ಯಾರು ಗುಂಪು ಮಾಡ್ತಾರೆ ಅಂತ ನನ್ನನ್ನೇ ಕೇಳಿದ್ದಾರೆ. ಉತ್ತರ ನನ್ನ ಹತ್ತಿರ ಇರಲಿಲ್ಲ, ನಮ್ಮ ಮನೆಗೆ ಊಟಕ್ಕೆ ಬರ್ರಿ ಅಂದೆ.

ಸೇರಬೇಕಾ ಬೇಡವಾ ಅಂತ ಕೇಳಿದರೆ, ಸೇರಿ. ನೂರು ರೂಪಾಯಿಗೆ ಬ್ರೋಕರ್ ಫೀಸು ಉಳಿದರೇ ಲಾಭ. ರಾತ್ರಿ ರೈಲಿಗೆ ಬರುವವರಿದ್ದರೆ ಮೊದಲೇ ಮೆಸೇಜ್ ಹಾಕಿ, ಸ್ಟೇಷನ್ನು ಊರಿನ ಹೊರಗಿದೆ, ಆಟೋದವರು ಆ ಹೊತ್ತಿಗೆ ಹೇಳಿದ್ದೇ ರೇಟು. ಜೂನ್‌ನಲ್ಲಿ ಬರುವುದಾದರೆ ಸರ್ಟಿಫಿಕೇಟ್ ಊರಲ್ಲೇ ಬಿಟ್ಟು ಜೆರಾಕ್ಸ್ ತನ್ನಿ. ಮನೆಯ ನೋಟ್‌ಬುಕ್ ಕಮಿಟಿಯವರನ್ನು ಕೇಳಬೇಡಿ, ಅವರು ಅದನ್ನು ಸ್ಕ್ಯಾನ್ ಮಾಡಿಸುತ್ತೇವೆ ಅಂತ ಒಂದು ವರ್ಷದಿಂದ ಹೇಳುತ್ತಿದ್ದಾರೆ. ಅದು ಅಕ್ಕೋರ ಟೇಬಲಿನ ಎರಡನೇ ಡ್ರಾಯರಿನಲ್ಲಿದೆ, ಬೀಗ ಹಾಕಿರಲ್ಲ. ಬುಧವಾರ ಕ್ಲಾಸಿಗೆ ಸ್ವಲ್ಪ ಬೇಗ ಹೋಗಿ, ಈಗ ಮುಂದಿನ ಬೆಂಚು ಕ್ಯಾಂಟೀನ್ ಹುಡುಗರು ಹಿಡಿದುಬಿಡ್ತಾರೆ.